ತಲೆಗೆ ಬಿದ್ದ ಪೆಟ್ಟು: ಆಟದಿಂದ ಹೊರಗೆ ಕರೆಯುವವರು ಯಾರು?

ಗೋಕುಲಾಷ್ಟಮಿಯ ಮರುದಿನ ಠಾಣೆಯ ಬೀದಿಗಳಲ್ಲಿ ಮೊಸರುಕುಡಿಕೆಯ ಮಾನವ ಗೋಪುರಗಳು ಏಳುವುದು ನಮಗೆಲ್ಲ ಪರಿಚಿತ ದೃಶ್ಯ. 2012ರಲ್ಲಿ ಜೋಗೇಶ್ವರಿಯ ಜೈ ಜವಾನ್ ತಂಡವು ಇದೇ ಠಾಣೆಯಲ್ಲಿ 9 ಅಂತಸ್ತುಗಳ, 43 ಅಡಿಗೂ ಮಿಕ್ಕಿದ ಗೋಪುರ ನಿರ್ಮಿಸಿ ವಿಶ್ವದಾಖಲೆ ಸ್ಥಾಪಿಸಿತು. 2014ರಲ್ಲಿ ಮುಂಬಯಿ ಹೈಕೋರ್ಟು 20 ಅಡಿಗಳ ಮಿತಿ ವಿಧಿಸಿತಾದರೂ 2017ರ ವೇಳೆಗೆ ಆ ಮಿತಿ ಉಳಿಯಲಿಲ್ಲ. 14 ವರ್ಷದೊಳಗಿನವರು ಭಾಗವಹಿಸಬಾರದೆಂಬ ನಿಯಮವಷ್ಟೇ ಉಳಿಯಿತು. 2022ರಲ್ಲಿ ರಾಜ್ಯ ಸರಕಾರ ಇದಕ್ಕೆ ಸಾಹಸ ಕ್ರೀಡೆಯ ಮಾನ್ಯತೆ ನೀಡಿತು. ಗೋವಿಂದರಿಗೆ ವಿಮೆ ಬಂದಿದೆ, ಹೆಲ್ಮೆಟ್ ಬಂದಿದೆ. ಇವೆಲ್ಲ ಸ್ವಾಗತಾರ್ಹವೇ.

ಆದರೆ ಹೆಲ್ಮೆಟ್ ತಲೆಬುರುಡೆಯನ್ನು ಕಾಯುತ್ತದೆಯೇ ಹೊರತು ಬುರುಡೆಯ ಒಳಗೆ ಮಿದುಳು ಅಲುಗುವುದನ್ನು ಪೂರ್ತಿ ತಡೆಯಲಾರದು. ಈ ಅಲುಗಾಟದಿಂದ ಮಿದುಳಿನ ಕಾರ್ಯ ತಾತ್ಕಾಲಿಕವಾಗಿ ಏರುಪೇರಾಗುವುದನ್ನೇ ವೈದ್ಯರು ಕನ್‌ಕಷನ್ ಎನ್ನುತ್ತಾರೆ. ಇದಕ್ಕೆ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನು ತೋರಿಸಬಲ್ಲದು. ಕನ್‌ಕಷನ್ ಆದವರ ಸ್ಕ್ಯಾನ್ ಸಾಮಾನ್ಯವಾಗಿ ನಿರ್ದೋಷವಾಗಿಯೇ ಇರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಕುತನ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಇದರ ಲಕ್ಷಣಗಳು.

ಲಕ್ಷಣಗಳು ತಡವಾಗಿ ಕಾಣಿಸಿಕೊಳ್ಳುವುದೂ ಉಂಟು. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆರ್ಚರ್ ಎಸೆತ ತಗುಲಿ ಹೊರನಡೆದ ಸ್ಟೀವ್ ಸ್ಮಿತ್, ತಪಾಸಣೆಯಲ್ಲಿ ತೇರ್ಗಡೆಯಾಗಿ ಅದೇ ದಿನ ಮತ್ತೆ ಬ್ಯಾಟ್ ಹಿಡಿದರು. ಮರುದಿನ ಬೆಳಿಗ್ಗೆ ಲಕ್ಷಣಗಳು ಕಂಡುಬಂದು ಪಂದ್ಯದಿಂದಲೇ ಹೊರಗುಳಿದರು. ಬದಲಿ ಆಟಗಾರನ ನಿಯಮ ಅದೇ ತಿಂಗಳು ಜಾರಿಗೆ ಬಂದಿತ್ತು. 2021ರಲ್ಲಿ ನಮ್ಮ ಮಯಾಂಕ್ ಅಗರ್‌ವಾಲ್ ನಾಟಿಂಗ್‌ಹ್ಯಾಮ್‌ನ ನೆಟ್ ಅಭ್ಯಾಸದಲ್ಲಿ ಹೆಲ್ಮೆಟ್ಟಿಗೆ ಚೆಂಡು ತಗುಲಿದ್ದರಿಂದ ಮೊದಲ ಟೆಸ್ಟಿನಿಂದ ಹೊರಗುಳಿದರು. ಅವರ ಸ್ಥಾನದಲ್ಲಿ ಆರಂಭಿಕರಾಗಿ ಬಂದ ಕೆ.ಎಲ್. ರಾಹುಲ್ 84 ರನ್ ಗಳಿಸಿದರು. ಸ್ಥಾನ ಕೈತಪ್ಪುವುದೆಂದು ತಿಳಿದಿದ್ದರೂ ಮಯಾಂಕ್ ಆಡಲಿಲ್ಲ, ಏಕೆಂದರೆ ಆ ತೀರ್ಮಾನ ವೈದ್ಯರದಾಗಿತ್ತು.

ಇಂಥ ವ್ಯವಸ್ಥೆ ಕೆಳಹಂತದ ಆಟಗಳಿಗೆ ಇನ್ನೂ ಇಳಿದುಬಂದಿಲ್ಲ. 2022ರ ಜುಲೈಯಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದು ಕುಸಿದ ಮೈಸೂರಿನ ಯುವಕ ಕೆಲವೇ ದಿನಗಳಲ್ಲಿ ಅಸುನೀಗಿದ. ಸ್ಥಳದಲ್ಲಿ ವೈದ್ಯಕೀಯ ಸೌಲಭ್ಯ ಇರಲಿಲ್ಲವೆಂಬುದು ಕುಟುಂಬದವರ ದೂರಾಗಿತ್ತು.

ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನಮ್ಮ ಮಕ್ಕಳು ಆಡುವ ಕಬಡ್ಡಿಯನ್ನೇ ನೋಡೋಣ. ದಾಳಿಕಾರನ ಕಾಲು ಹಿಡಿದೆಳೆದಾಗ ಅವನ ತಲೆ ನೆಲಕ್ಕೋ ಎದುರಾಳಿಯ ಮೊಣಕಾಲಿಗೋ ಬಡಿಯುವುದು ಅಪರೂಪವಲ್ಲ. ಮುಖಕ್ಕೆ ನೀರು ಚಿಮುಕಿಸಿ, ಬೆನ್ನು ತಟ್ಟಿ ಮತ್ತೆ ಅಂಕಣಕ್ಕೆ ಕಳುಹಿಸುವುದು ನಮ್ಮ ರೂಢಿ. ಹುಡುಗ "ಏನೂ ಆಗಿಲ್ಲ" ಎನ್ನುತ್ತಾನೆ. ತರಬೇತುದಾರರಿಗೆ ಗೆಲುವು ಬೇಕು. ನಾವು ಹೆತ್ತವರು ಚಪ್ಪಾಳೆ ತಟ್ಟುತ್ತೇವೆ. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೆಯ ಪೆಟ್ಟು, ವಿರಳವಾಗಿಯಾದರೂ, ಎಳೆಯರ ಪ್ರಾಣಕ್ಕೇ ಎರವಾಗಬಲ್ಲದೆಂಬುದು ಯಾರ ಗಮನಕ್ಕೂ ಬರುವುದಿಲ್ಲ.

2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ತಜ್ಞರ ಸಮ್ಮೇಳನದ ಸಲಹೆ ಸರಳವಾಗಿದೆ. ಸಂಶಯ ಬಂದೊಡನೆ ಆಟಗಾರನನ್ನು ಹೊರಗೆ ಕರೆಯಬೇಕು. ಕನ್‌ಕಷನ್ ಆದವರು ಅಂದು ಮತ್ತೆ ಆಡಕೂಡದು. ಮೊದಲ 24ರಿಂದ 48 ಗಂಟೆ ಸಾಪೇಕ್ಷ ವಿಶ್ರಾಂತಿ ಸಾಕು. ಕತ್ತಲೆ ಕೋಣೆಯಲ್ಲಿ ಮಲಗಿಸಿಡುವ ಅಗತ್ಯವಿಲ್ಲ, ಲಘು ನಡಿಗೆ ಒಳ್ಳೆಯದೇ. ಮೊಬೈಲು, ಟಿ.ವಿ. ಮಿತಗೊಳಿಸಬೇಕು. ಅನಂತರ ಪಾಠ, ಆಟಗಳಿಗೆ ಹಂತಹಂತವಾಗಿ ಮರಳಬೇಕು. ಮೈತಾಗುವ ಆಟಕ್ಕೆ ವೈದ್ಯರ ಒಪ್ಪಿಗೆ ಬೇಕು. ಪದೇಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಸೆಳವು, ಕೈಕಾಲುಗಳಲ್ಲಿ ನಿಶ್ಶಕ್ತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ನಮ್ಮ ಸಂಘಸಂಸ್ಥೆಗಳ ಕ್ರೀಡಾಕೂಟಗಳಲ್ಲಿ ಯಾವ ತಂಡಕ್ಕೂ ಸೇರದ ಒಬ್ಬರಿಗೆ, ಸಾಧ್ಯವಾದರೆ ನಮ್ಮವರೇ ಆದ ವೈದ್ಯರಿಗೆ, ಆಟಗಾರನನ್ನು ಹೊರಗೆ ಕರೆಯುವ ಅಧಿಕಾರವನ್ನು ಮೊದಲೇ ಕೊಟ್ಟಿರಬೇಕು. ಅವರ ಮಾತನ್ನು ನಾಯಕನಾಗಲಿ, ತಂದೆಯಾಗಲಿ ಪ್ರಶ್ನಿಸಕೂಡದು. ಪಂದ್ಯ ಮುಂದಿನ ವರ್ಷವೂ ಬರುತ್ತದೆ. ಮಗುವಿಗಿರುವುದು ಒಂದೇ ಮಿದುಳು.