ಕಾಯಕಜೀವಿಗಳ ಕರೆಂಟ್ ಬಿಲ್ಲು ಮತ್ತು ಜ್ಞಾನದಾಸೋಹ

ಕಾಯಕದ ಮಹಿಮೆಯನ್ನು ನಮ್ಮ ವೇದಿಕೆಗಳಲ್ಲಿ ಸಾಕಷ್ಟು ಕೊಂಡಾಡುತ್ತೇವೆ. ಆದರೆ ಗಾಣದ ಕಣ್ಣಪ್ಪನವರ ಕಾಯಕವನ್ನು ಇಂದು ಮುಂದುವರಿಸುತ್ತಿರುವ ಎಣ್ಣೆ ಗಿರಣಿಯವರು, ವಿದ್ಯುತ್ ಮಗ್ಗದ ನೇಕಾರರು ತಿಂಗಳ ಕರೆಂಟ್ ಬಿಲ್ಲಿಗೇ ಸೋತಿದ್ದಾರೆ.

ಹಲವು ಸಲ ವೈಂಡಿಂಗ್ ಮಾಡಿಸಿದ ಹಳೆಯ ಮೋಟಾರ್ ಅದೇ ಕೆಲಸಕ್ಕೆ ಹೆಚ್ಚು ವಿದ್ಯುತ್ ನುಂಗುತ್ತದೆ. ದಿನವಿಡೀ ಓಡುವ ಮೋಟಾರಿನ ಒಂದು ವರ್ಷದ ಕರೆಂಟ್ ಖರ್ಚು ಅದನ್ನು ಕೊಂಡ ಬೆಲೆಯನ್ನೂ ಮೀರುತ್ತದೆ. ಬದಲಿಸಲು ಕೈಯಲ್ಲಿ ಹಣವಿಲ್ಲ ಎಂಬುದೇ ತೊಡಕು.

ಇದಕ್ಕೆಂದೇ ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2025ರ ಜುಲೈನಲ್ಲಿ 1,000 ಕೋಟಿ ರೂಪಾಯಿಯ ಎ.ಡಿ.ಇ.ಇ.ಟಿ.ಐ.ಇ. ಯೋಜನೆ ಆರಂಭಿಸಿದೆ. ಜವಳಿ, ಆಹಾರ ಸಂಸ್ಕರಣೆ, ಎರಕ, ಇಟ್ಟಿಗೆ ಸೇರಿ 14 ವಲಯಗಳಿಗೆ ಇದು ಅನ್ವಯ. ಉದ್ಯಮ್ ನೋಂದಣಿ ಇರಬೇಕು. ಹೊಸ ಯಂತ್ರದಿಂದ ಕನಿಷ್ಠ ಶೇ. 10ರಷ್ಟು ಇಂಧನ ಉಳಿಯಬೇಕು. ಆಗ ಅತಿಸಣ್ಣ ಹಾಗೂ ಸಣ್ಣ ಘಟಕಗಳಿಗೆ ಸಾಲದ ಬಡ್ಡಿಯಲ್ಲಿ ಶೇ. 5, ಮಧ್ಯಮ ಘಟಕಗಳಿಗೆ ಶೇ. 3 ರಿಯಾಯಿತಿ ಸಿಗುತ್ತದೆ. 10 ಲಕ್ಷದ ಸಾಲಕ್ಕೆ ಮೊದಲ ವರ್ಷ ಸುಮಾರು 50 ಸಾವಿರ ಉಳಿತಾಯ. ಆಯ್ದ ಕೈಗಾರಿಕಾ ಪ್ರದೇಶಗಳಿಂದ ಹಂತಹಂತವಾಗಿ ಜಾರಿಯಾಗುವುದರಿಂದ ಯಂತ್ರ ಕೊಳ್ಳುವ ಮೊದಲೇ ವಿಚಾರಿಸಬೇಕು.

ಇಂಥ ಸವಲತ್ತು ಕಾಗದಪತ್ರ ಬಲ್ಲವರ ಪಾಲಾಗಿ, ಬೆವರು ಸುರಿಸುವವರು ಹೊರಗುಳಿಯುವುದು ಶರಣರ ಸಮಾನತೆಗೆ ಒಪ್ಪದು. ಉದ್ಯಮ್ ನೋಂದಣಿ ಉಚಿತ. ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ. ಮಠಗಳು ಶಿವಾನುಭವ ಗೋಷ್ಠಿಯ ದಿನ ಇಂಧನ ಲೆಕ್ಕಪರಿಶೋಧಕರನ್ನು ಕರೆಸಿ ಅರ್ಧ ಗಂಟೆ ಮಾತನಾಡಿಸಲಿ. ಎಂಜಿನಿಯರಿಂಗ್ ಕಾಲೇಜು ನಡೆಸುವ ಮಠಗಳು ವಿದ್ಯಾರ್ಥಿಗಳನ್ನು ಗಿರಣಿ, ಮಗ್ಗಗಳಿಗೆ ಕಳುಹಿಸಿ ಅರ್ಜಿ ತುಂಬಿಸಲಿ. ಇದೂ ಜ್ಞಾನದಾಸೋಹವೇ.