ಮೊಟ್ಟೆ ಕಣ್ಣಿಗೆ ಕಾಣದೆ ಜೇನು ಮಾರಬೇಡಿ, ಕೊಳ್ಳಲೂ ಬೇಡಿ

ಇವತ್ತು ಬರೀತಿರೋದು ನನ್ನ ತಪ್ಪಿನ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಕಳೆದ ದಸರಾಕ್ಕೆ ಇನ್ನೂ ನಾಲ್ಕು ದಿನ ಇತ್ತು. ಸಂಜೆ ಪಕ್ಕದ ಊರಿನ ಹುಡುಗ ಬೈಕಿನ ಹಿಂದೆ ಎರಡು ಜೇನು ಪೆಟ್ಟಿಗೆ ಕಟ್ಕೊಂಡು ಬಂದ. ಎರಡೂ ನಾನೇ ಶ್ರಾವಣದಲ್ಲಿ ಅವನಿಗೆ ಮಾರಿದ್ದವು. ಒಂದು ಖಾಲಿ. ಇನ್ನೊಂದರಲ್ಲಿ ಒಂದು ಹಿಡಿ ಹುಳು, ಎಲ್ಲಾ ಕಪ್ಪಗೆ ಮಿರುಗೋ ಮುದಿ ಹುಳು. "ಕಾಕಾ, ನಾನೇನರ ತಪ್ಪು ಮಾಡೀನೇನು ನೋಡ್ರಿ" ಅಂದ. ಜಗಳ ಮಾಡಿದ್ರೆ ಚೆನ್ನಾಗಿತ್ತು. ಅವನು ತಪ್ಪು ತನ್ನದೇ ಅಂದ್ಕೊಂಡು ಬಂದಿದ್ದ, ಅದೇ ನನಗೆ ಚುಚ್ಚಿದ್ದು.

ತಪ್ಪು ಅವನದಲ್ಲ, ನನ್ನದು. ನನ್ನ ಹತ್ರ ತುಡುವೆ ಜೇನಿನ ನಾಲ್ಕು ಕುಟುಂಬ ಇದ್ದವು, ಅಡಿಕೆ ತೋಟದ ಬದುವಿನ ಮೇಲೆ. ಹುಡುಗ ಎರಡು ಬೇಕು ಅಂತ ಐದು ಸಾವಿರ ಕೈಗೆ ಕೊಟ್ಟ. ನಾನು ಶ್ರಾವಣದ ಜಿಟಿಜಿಟಿ ಮಳೆಯಲ್ಲೇ ನಾಲ್ಕನ್ನೂ ಪಾಲು ಮಾಡಿ ಎಂಟು ಮಾಡಿದೆ. ಹೊಸ ನಾಲ್ಕರಲ್ಲಿ ಎರಡು ಹುಡುಗನಿಗೆ ಹೋದವು, ಎರಡು ನನ್ನಲ್ಲಿ ಉಳಿದವು. ದಸರಾ ಹೊತ್ತಿಗೆ ಹುಡುಗನ ಎರಡೂ ಹೋದವು, ನನ್ನ ಹೊಸದರಲ್ಲಿ ಒಂದು ಹೋಯ್ತು, ಹಳೇದರಲ್ಲೂ ಒಂದು ಹೋಯ್ತು. ನಾಲ್ಕು ಎಂಟಾಗಿ ಮತ್ತೆ ನಾಲ್ಕಕ್ಕೆ ಬಂತು.

ಒಂದೊಂದೂ ಯಾಕೆ ಹೋಯ್ತು ಅಂತ ಎರಿ ತೆಗೆದು ನೋಡಿದೆ. ನಾಲ್ಕು ಸಾವಿಗೆ ನಾಲ್ಕು ಕಾರಣ ಸಿಕ್ಕವು.

ಹಿಡಿ ಹುಳು ಉಳಿದಿದ್ದ ಪೆಟ್ಟಿಗೆಯಲ್ಲಿ ಒಂದೊಂದು ಕಣದಲ್ಲಿ ಎರಡು ಮೂರು ಮೊಟ್ಟೆ ಇದ್ದವು, ಕೆಲವು ಕಣದ ಗೋಡೆಗೆ ಅಂಟಿದ್ದವು. ರಾಣಿ ಒಂದು ಕಣಕ್ಕೆ ಒಂದೇ ಮೊಟ್ಟೆ ಇಡುತ್ತೆ, ಅದೂ ತಳದಲ್ಲಿ. ಇದು ಕೆಲಸಗಾರ ಹುಳು ಇಟ್ಟ ಮೊಟ್ಟೆ. ಅದರಿಂದ ಹುಟ್ಟೋದು ಬರೀ ಗಂಡು ನೊಣ. ರಾಣಿ ಹುಟ್ಟಿತ್ತು, ಆದರೆ ಮಿಲನಕ್ಕೆ ಹಾರಿ ಹೋದದ್ದು ವಾಪಸ್ ಬಂದಿಲ್ಲ. ಮಳೆಗೆ ಸಿಕ್ಕಿರಬಹುದು, ಕಳ್ಳಿಪೀರ ಇಲ್ಲಾ ಕಾಜಾಣ ಹಿಡಿದಿರಬಹುದು.

ಖಾಲಿಯಾಗಿದ್ದ ಪೆಟ್ಟಿಗೆ ಇರುವೆಯಿಂದ ಹೋದದ್ದು. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟಿದ್ದ, ಆದರೆ ಪಕ್ಕದ ಹುಲ್ಲು ಬೆಳೆದು ಪೆಟ್ಟಿಗೆಗೆ ತಾಗಿತ್ತು. ಕೆಂಪಿರುವೆಗೆ ಅದೇ ಸೇತುವೆ. ಹುಳು ಜಾಸ್ತಿ ಇದ್ದಿದ್ರೆ ತಡೀತಿದ್ವು. ಎರಡು ಎರಿಯ ಹುಳು ಏನು ತಡೆದಾವು? ಗೂಡು ಬಿಟ್ಟು ಪರಾರಿ.

ನನ್ನಲ್ಲಿದ್ದ ಹೊಸದು ಮೇಣದ ಹುಳುವಿಗೆ ಬಲಿ. ಹುಳು ಎರಡು ಎರಿಗೆ ಆಗುವಷ್ಟು, ನಾನು ಆಸೆಗೆ ಐದು ಎರಿ ಇಟ್ಟಿದ್ದೆ. ಜೇನು ಕೂರದ ಎರಿಯಲ್ಲಿ ಮೇಣದ ಚಿಟ್ಟೆ ಮೊಟ್ಟೆ ಇಟ್ಟು ಜೇಡರ ಬಲೆಯಂಗೆ ನೂಲು ಹಬ್ಬಿಸಿತ್ತು.

ನಾಲ್ಕನೇದು ಹಳೇ ಕುಟುಂಬ. ಬೆಳಿಗ್ಗೆ ಬಾಗಿಲ ಮುಂದೆ ಸತ್ತ ಹುಳುವಿನ ರಾಶಿ, ಕಾಲಲ್ಲಿ ಮೆಕ್ಕೆಜೋಳದ ಹಳದಿ ಪರಾಗ. 2018ರಲ್ಲಿ ಸೈನಿಕ ಹುಳು ಮೊದಲು ನಮ್ಮ ಶಿವಮೊಗ್ಗ ಸೀಮೆಯಲ್ಲೇ ಪತ್ತೆ ಆಗಿದ್ದು ಎಲ್ಲರಿಗೂ ಗೊತ್ತು. ಅಲ್ಲಿಂದ ಮೆಕ್ಕೆಜೋಳಕ್ಕೆ ಎಣ್ಣೆ ಹೊಡೆಯೋದು ತಪ್ಪಿಲ್ಲ. ಸೂಲಂಗಿ ಬಂದಾಗ ಜೇನು ಬೆಳಿಗ್ಗೆ ಹೊತ್ತು ಪರಾಗಕ್ಕೆ ಮುತ್ತುತ್ತೆ, ಅದೇ ಹೊತ್ತಲ್ಲಿ ಪಕ್ಕದ ಹೊಲದವರು ಹೊಡೆದರು. ಕೇಳಿದ್ದಕ್ಕೆ "ಅಣ್ಣಾ, ಮೊದಲೇ ಒಂದು ಮಾತು ಹೇಳಿದ್ರೆ ಸಂಜೆ ಹೊಡೀತಿದ್ದೆ" ಅಂದರು. ಅದೂ ನಿಜವೇ. ನಾನು ಹೇಳಿರಲಿಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ಇರುವೆ, ಚಿಟ್ಟೆ, ಮಳೆ ಇವೆಲ್ಲ ಕೊನೇ ಏಟು ಅಷ್ಟೆ. ಹೊಸ ಮೂರಕ್ಕೂ ಮೂಲ ಕಾರಣ ಒಂದೇ: ರಾಣಿ ಇಲ್ಲದ ಪಾಲನ್ನು ನಾನು ಕುಟುಂಬ ಅಂತ ಲೆಕ್ಕ ಹಾಕಿದ್ದೆ.

"ಎರಡು ಎರಿ ತೆಗೆದು ಬೇರೆ ಪೆಟ್ಟಿಗೆಗೆ ಹಾಕು, ರಾಣೀನ ಅವೇ ಮಾಡ್ಕೊಂತಾವೆ" ಅಂತ ಹೇಳೋರು ಬಹಳ ಜನ. ಮಾಡ್ಕೊಂತಾವೆ, ಸುಳ್ಳಲ್ಲ. ಆದರೆ ದಿನ ಎಣಿಸಿ ನೋಡಿ. ಎಳೇ ಮರಿಯಿಂದ ರಾಣಿ ಹೊರಬರಲು ಸುಮಾರು 12 ದಿನ. ಬಲಿತು, ಹಾರಿ, ಗಂಡು ನೊಣಗಳ ಜೊತೆ ಕೂಡಿ ಮೊಟ್ಟೆ ಇಡಲು ಇನ್ನೊಂದು 10 ದಿನ. ಆ ಮೊಟ್ಟೆ ಕೆಲಸಗಾರ ಹುಳು ಆಗಿ ಹೊರಬರಲು 20 ದಿನ. ಒಟ್ಟು 42 ದಿನ. ದುಡಿಯೋ ಕಾಲದಲ್ಲಿ ಜೇನುಹುಳುವಿನ ಆಯಸ್ಸು ಸುಮಾರು ಒಂದೂವರೆ ತಿಂಗಳು. ಅಂದ್ರೆ ಹೊಸಬರು ಬರೋ ಹೊತ್ತಿಗೆ ಹಳಬರು ಸತ್ತಿರ್ತಾವೆ. ಎಲ್ಲಾ ಸರಿ ಹೋದ್ರೂ ಕೂದಲೆಳೆಯಲ್ಲಿ ಬದುಕು. ಒಂದು ವಾರ ಮಳೆ ಹಿಡಿದು ರಾಣಿ ಹಾರಲಿಲ್ಲ ಅಂದ್ರೆ ಮುಗೀತು.

ಇನ್ನೊಂದು ವಿಷಯ. ದಿಢೀರ್ ರಾಣಿ ಕಳಕೊಂಡ ಹುಳುಗಳು ಗಾಬರಿಯಲ್ಲಿ ಎರಡು ಮೂರು ದಿನದ ಮರಿಯನ್ನೂ ರಾಣಿ ಮಾಡಲು ಹೊರಡ್ತವೆ. ಅಷ್ಟು ಬಲಿತ ಮರಿಯಿಂದ ಒಳ್ಳೇ ರಾಣಿ ಆಗಲ್ಲ, ಮೊಟ್ಟೆ ಕಡಿಮೆ ಇಡುತ್ತೆ.

ನನ್ನ ನಾಲ್ಕನೇ ಹೊಸ ಪಾಲು ಉಳಿದದ್ದು ಹೇಗೆ ಗೊತ್ತಾ? ಅದಕ್ಕೆ ಬಂದ ಎರಿಯಲ್ಲಿ ಮೊದಲೇ ಬಲಿತ ರಾಣಿ ಕೋಶ ಒಂದಿತ್ತು. ನನ್ನ ಜಾಣತನ ಅಲ್ಲ, ಅದೃಷ್ಟ. ಹತ್ತು ಹನ್ನೊಂದು ದಿನ ಉಳೀತು, ಕುಟುಂಬವೂ ಉಳೀತು.

ಆ ಅದೃಷ್ಟವನ್ನೇ ಈ ಸಲ ಪದ್ಧತಿ ಮಾಡ್ಕೊಂಡೆ. ದೀಪಾವಳಿ ಕಳೆದು, ಮಳೆ ನಿಂತು, ಗೂಡಿನಲ್ಲಿ ಗಂಡು ನೊಣ ಕಾಣೋ ತನಕ ಕಾದೆ. ತುಡುವೆಯಲ್ಲಿ ಗಂಡು ನೊಣದ ಕಣದ ಮುಚ್ಚಳಕ್ಕೆ ಸೂಜಿ ಮೊನೆಯಷ್ಟು ತೂತು ಇರುತ್ತೆ, ಗುರುತು ಸುಲಭ. ಗಂಡಿಲ್ಲದ ಕಾಲದಲ್ಲಿ ರಾಣಿ ಹುಟ್ಟಿಸಿ ಏನು ಪ್ರಯೋಜನ? ಆಮೇಲೆ ನಾಲ್ಕರಲ್ಲಿ ಅತಿ ಜೋರಾಗಿರೋ, ಕಡಿಮೆ ಸಿಟ್ಟಿನ ಕುಟುಂಬದ ಹಳೇ ರಾಣಿಯನ್ನು ಎರಡು ಎರಿ ಸಮೇತ ಬೇರೆ ಪೆಟ್ಟಿಗೆಗೆ ಇಟ್ಟೆ. ತಾಯಿ ಪೆಟ್ಟಿಗೆಯವು ಕೋಶ ಕಟ್ಟಿದವು. ಮೂರನೇ ದಿನಕ್ಕೇ ಬಾಯಿ ಮುಚ್ಚಿದ್ದ ಕೋಶ ಬಲಿತ ಮರಿಯದ್ದು, ಅದನ್ನು ಕಿತ್ತು ಹಾಕಿದೆ. ಹತ್ತನೇ ದಿನ ಕೋಶದ ತುದಿಯ ಮೇಣ ಕೆರೆದು ಕಂದು ಬಣ್ಣ ಕಂಡಿತು. ಅದೇ ಹಣ್ಣಾದ ಗುರುತು. ಹಿಂದಿನ ದಿನವೇ ಮಾಡಿಟ್ಟ ಪಾಲುಗಳಿಗೆ ಒಂದೊಂದು ಕೋಶ, ಸುತ್ತ ಬೆರಳಗಲ ಎರಿ ಸಮೇತ ಕೊಯ್ದು ಕೂರಿಸಿದೆ. ಪ್ರತಿ ಪಾಲಿಗೆ ಮುಚ್ಚಿದ ಮರಿ ಇರೋ ಎರಿ, ಹುಳು ಮುಚ್ಚುವಷ್ಟೇ ಎರಿ, ಸಂಜೆ ಹೊತ್ತು ಒಂದಕ್ಕೊಂದು ಸಕ್ಕರೆ ಪಾಕ. ಪೆಟ್ಟಿಗೆಗೆ ಬೇರೆ ಬೇರೆ ಬಣ್ಣ ಬಳಿದು ದೂರ ದೂರ ಇಟ್ಟೆ, ಹಾರಿ ಬರೋ ರಾಣಿ ಮನೆ ತಪ್ಪಬಾರದು ಅಂತ. ಹನ್ನೆರಡು ದಿನ ಮುಚ್ಚಳ ಮುಟ್ಟಲಿಲ್ಲ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ!

ತಾಯಿ ಕುಟುಂಬ ಆರಿಸೋದು ಯಾಕೆ ಮುಖ್ಯ ಅಂದ್ರೆ, 1991ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕರಾವಳಿ, ಮಲೆನಾಡಿನ ತುಡುವೆ ಬಹುಪಾಲು ಸತ್ತುಹೋಗಿದ್ದವು. ಮತ್ತೆ ಕುಟುಂಬ ಬೆಳೆದದ್ದು ರೋಗ ತಡೆದು ಉಳಿದ ಗೂಡುಗಳಿಂದಲೇ.

2020ರಲ್ಲಿ ಕೇಂದ್ರದವರು ಜೇನು ಮಿಷನ್ ಅಂತ 500 ಕೋಟಿ ಇಟ್ಟರು. ತೋಟಗಾರಿಕೆ ಇಲಾಖೆಯಲ್ಲೂ ಪೆಟ್ಟಿಗೆ, ಸ್ಟ್ಯಾಂಡು, ಕುಟುಂಬಕ್ಕೆ ಸಹಾಯಧನ ಉಂಟು. ಒಳ್ಳೇದೇ, ನಾನು ಬೇಡ ಅನ್ನಲ್ಲ. ನನ್ನ ಬೇಡಿಕೆ ಇಷ್ಟೇ: ಪೆಟ್ಟಿಗೆ ಎಣಿಸೋ ಬದಲು ಆರು ತಿಂಗಳ ಮೇಲೆ ಮೊಟ್ಟೆ ಇಡ್ತಿರೋ ರಾಣಿ ಎಣಿಸಿ. ಹೋಬಳಿಗೆ ಇಬ್ಬರು ಹುಡುಗರಿಗೆ ರಾಣಿ ಸಾಕೋದು ಕಲಿಸಿ, ಅದಕ್ಕೆ ದುಡ್ಡು ಕೊಡಿ. ಮರದ ಪೆಟ್ಟಿಗೆ ಬಡಗಿ ಮಾಡ್ತಾನೆ, ರಾಣಿ ಮಾಡೋರು ಬೇಕು.

ಮಾರೋರಿಗೂ ಒಂದು ಮಾತು, ಮೊದಲು ನನಗೇ ಹೇಳ್ಕೊಳ್ತೀನಿ. ಮೊಟ್ಟೆ ಇಡೋ ರಾಣಿ ತೋರಿಸದೆ ದುಡ್ಡು ಮುಟ್ಟಬಾರದು. ಗಬ್ಬ ಆಗಿರೋ ಎಮ್ಮೆ ಅಂತ ಹೇಳಿ ಗೊಡ್ಡೆಮ್ಮೆ ಮಾರಿದ್ರೆ ಊರೆಲ್ಲಾ ಉಗೀತದೆ. ಜೇನಿನಲ್ಲಿ ಅದೇ ಮೋಸ ನಡೆದ್ರೆ ಸಾಕಲು ಬರಲ್ಲ ಅಂತ ಕೊಂಡವನನ್ನೇ ಬೈತೀವಿ.

ಹುಡುಗನಿಗೆ ಐದು ಸಾವಿರ ವಾಪಸ್ ಕೊಡಲು ಹೋದೆ. "ದುಡ್ಡು ಬ್ಯಾಡ ಕಾಕಾ, ಹುಳಾನೇ ಕೊಡ್ರಿ" ಅಂದ. ಮೊನ್ನೆ ಭಾಯಾಗಡ್ ಜಾತ್ರೆಗೆ ಬಂದವನು ತೋಟಕ್ಕೂ ಬಂದಿದ್ದ. ಬಿಸಿಲಿಗೆ ಎರಿ ಹಿಡಿದು ಕಣದ ತಳದಲ್ಲಿ ಅಕ್ಕಿ ನುಚ್ಚಿನಂಗೆ ನಿಂತ ಮೊಟ್ಟೆ ಅವನ ಕಣ್ಣಿಂದಲೇ ನೋಡಿಸಿದೆ. ಅವನಿಗೆ ಇಟ್ಟ ಎರಡನೇ ಪಾಲಿನ ಮೊದಲ ರಾಣಿ ತಪ್ಪಿತ್ತು, ಹೊಸ ಕೋಶ ಕೊಟ್ಟು ಇನ್ನೂ ಎಂಟು ದಿನ. ತೆಗೆದು ನೋಡೋಣ ಅಂದ, ಬೇಡ ಅಂದೆ. ಅದರಲ್ಲೂ ಮೊಟ್ಟೆ ಕಂಡ ಮೇಲೆ ಎರಡನ್ನೂ ಒಟ್ಟಿಗೆ ಒಯ್ಯಲಿ.