ಹೆಸರಿನ ರೊಕ್ಕ ಕಾರ್ಡಿನ ಪ್ಯಾಕಿಗೆ ಹಾಕಬ್ಯಾಡ್ರಿ!

ಶಲವಡಿಯ ತಮ್ಮಂದಿರೇ, ತಂಗಿಯರೇ, ಅವರ ಅವ್ವ-ಅಪ್ಪಂದಿರೇ!

ಹೆಸರು ಬಿಡಿಸಿ ಮುಗಿಯಿತು. ಚೀಲ ಪ್ಯಾಟಿಗೆ ಹೋದವು. ಮನೆಗೆ ನಾಲ್ಕು ಕಾಸು ಬಂತು. ಕಡಲೆ ಬೀಜಕ್ಕೆ, ಗೊಬ್ಬರಕ್ಕೆ, ಸೊಸೈಟಿ ಸಾಲಕ್ಕೆ ಅಂತ ಅವ್ವ ಅದನ್ನು ಗಂಟು ಕಟ್ಟಿ ಇಟ್ಟಿದ್ದಾಳೆ.

ಸರಿಯಾಗಿ ಅದೇ ಹೊತ್ತಿಗೆ ಬರುತ್ತದೆ ಹೊಸ ಫುಟ್‌ಬಾಲ್ ಗೇಮ್!

2023ರಲ್ಲಿ ಬಂದದ್ದು ಸೆಪ್ಟೆಂಬರ್ 29ಕ್ಕೆ. 2024ರಲ್ಲಿ ಸೆಪ್ಟೆಂಬರ್ 27ಕ್ಕೆ. 2025ರಲ್ಲಿ ಸೆಪ್ಟೆಂಬರ್ 26ಕ್ಕೆ. ಆ ಗೇಮಿನ ಹೆಸರು ಇಎ ಸ್ಪೋರ್ಟ್ಸ್ ಎಫ್‌ಸಿ. ಮೊದಲು ಇದಕ್ಕೇ ಫಿಫಾ ಅಂತಿದ್ದರು, ನಾವು ಈಗಲೂ ಹಾಗೇ ಅಂತೀವಿ. ಯುರೋಪಿನ ಫುಟ್‌ಬಾಲ್ ಹಂಗಾಮು ನೋಡಿಕೊಂಡು ಕಂಪನಿಯವರು ದಿನ ಇಡುತ್ತಾರೆ. ಪೆಟ್ಟು ಬೀಳುವುದು ನಮ್ಮ ಮುಂಗಾರಿ ಹಂಗಾಮಿನ ದುಡ್ಡಿಗೆ!

ಲೆಕ್ಕ ಹಾಕ್ರಿ. ಬಿಡುಗಡೆಯಾದ ವಾರ ಒಂದು ಡಿಸ್ಕಿಗೆ ನಾಲ್ಕೈದು ಸಾವಿರ ರೂಪಾಯಿ. 2025-26ರಲ್ಲಿ ಒಂದು ಕ್ವಿಂಟಲ್ ಹೆಸರಿಗೆ ಸರ್ಕಾರ ಕಟ್ಟಿದ ಬೆಂಬಲ ಬೆಲೆ 8,768 ರೂಪಾಯಿ. ಪ್ಯಾಟಿಯಲ್ಲಿ ಅಷ್ಟು ಸಿಕ್ಕರೆ ಪುಣ್ಯ! ಅಂದರೆ ಒಂದು ಡಿಸ್ಕಿಗೆ ಅರ್ಧ ಕ್ವಿಂಟಲ್ ಹೆಸರು. ಬಿಸಿಲಲ್ಲಿ ಬೆನ್ನು ಬಗ್ಗಿಸಿ ಬಿಡಿಸಿದ ಹೆಸರು. ಅದೂ ಆಟ ಶುರುವಾಗುವ ಮೊದಲೇ!

ನಾವು ಗೇಮಿನ ವೈರಿಗಳಲ್ಲ. ಈ ಕರಪತ್ರ ಬರೆದವರೂ ಆಡುವವರೇ. ಹುಬ್ಬಳ್ಳಿಯಲ್ಲಿ ತಾಸಿಗೆ ಇಷ್ಟು ಅಂತ ಕೊಟ್ಟು ಆಡಿದ್ದೀವಿ. ಐದಾರು ಮಂದಿ ರೊಕ್ಕ ಕೂಡಿಸಿ ಹಳೇ ಪ್ಲೇಸ್ಟೇಷನ್ 4 (ಪಿಎಸ್4) ತಂದವರಿದ್ದೀವಿ. ಆಟ ಚಂದ ಐತಿ. ಸುಳ್ಳು ಯಾಕೆ ಹೇಳಬೇಕು?

ಶ್ರಾವಣದ ಮಳೆ ಹಿಡಿದರೆ ನಮ್ಮ ಎರಿ ಮಣ್ಣಿನಲ್ಲಿ ಒಂದು ಹೆಜ್ಜೆ ಇಡಲು ಆಗದು. ಕಾಲಿಗೆ ಎರಡೆರಡು ಕಿಲೋ ಅಂಟಿಕೊಳ್ಳುತ್ತದೆ. ಆವಾಗ ಪಡಸಾಲಿಯಲ್ಲಿ ಒಂದು ಟಿವಿ, ಎರಡು ಕಂಟ್ರೋಲರ್, ಸುತ್ತ ಹತ್ತು ಹುಡುಗರು. ಒಬ್ಬ ಗೋಲು ಹೊಡೆದರೆ ಓಣಿಗೆಲ್ಲ ಕೇಳುತ್ತದೆ! ಆ ಸಂತೋಷ ನಿಜವಾದದ್ದು. ಆಫ್‌ಸೈಡ್ ಅಂದರೇನು ಅಂತ ನಮಗೆ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ. ಈ ಆಟ ಹೇಳಿಕೊಟ್ಟಿತು. ಎಲ್ಲಿಗೆ ಪಾಸ್ ಕೊಡಬೇಕು, ಯಾವಾಗ ತಡೆದು ನಿಲ್ಲಬೇಕು, ಇದರಿಂದಲೇ ಕಲಿತೀವಿ.

ಎಫ್‌ಸಿ 24ರಲ್ಲಿ 19,000ಕ್ಕೂ ಹೆಚ್ಚು ಆಟಗಾರರು, 700ಕ್ಕೂ ಹೆಚ್ಚು ತಂಡಗಳು! ಹೆಣ್ಣುಮಕ್ಕಳ ತಂಡಗಳೂ ಅವೆ. ನಮ್ಮ ತಂಗಿಯರು ಕಂಟ್ರೋಲರ್ ಹಿಡಿದರೆ ಅವರಿಗೂ ತಮ್ಮಂಥವರು ಕಾಣುತ್ತಾರೆ. ಫಿಫಾ 22ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂತು. ನಮ್ಮ ಬೆಂಗಳೂರು ಎಫ್‌ಸಿ ಬಂತು. ಸುನಿಲ್ ಛೆಟ್ರಿಯನ್ನು ನಮ್ಮ ಬೆರಳಿನಲ್ಲೇ ಓಡಿಸಿದೆವು! ಎದೆ ಉಬ್ಬಿತು ಅವತ್ತು.

ಹಂಗಾದರೆ ಸಿಟ್ಟು ಯಾರ ಮೇಲೆ? ಕಾರ್ಡಿನ ಪ್ಯಾಕಿನ ಮೇಲೆ!

ಗೇಮಿನೊಳಗೆ ಅಲ್ಟಿಮೇಟ್ ಟೀಮ್ ಅಂತ ಒಂದು ಭಾಗ ಐತಿ. 2009ರಿಂದ ನಡೆದಿದೆ. ಅಲ್ಲಿ ನಿನಗೆ ಬಲವಾದ ತಂಡ ಕೊಡುವುದಿಲ್ಲ. ತಂಡವನ್ನು ನೀನೇ ಕಟ್ಟಬೇಕು. ಒಬ್ಬೊಬ್ಬ ಆಟಗಾರನೂ ಒಂದು ಕಾರ್ಡು. ಕಾರ್ಡು ಬರುವ ದೊಡ್ಡ ದಾರಿ ಪ್ಯಾಕು ಒಡೆಯುವುದು. ಪ್ಯಾಕಿನೊಳಗೆ ಯಾರಿದ್ದಾರೆ? ಗೊತ್ತಿಲ್ಲ! ರೊಕ್ಕ ಮೊದಲು, ಮುಖ ಆಮೇಲೆ.

ಆಡಿ ಆಡಿ ಕಾಯಿನ್ ಗಳಿಸಿಯೂ ಪ್ಯಾಕು ತೆಗೆಯಬಹುದು, ಹೌದು. ಆದರೆ ಅದಕ್ಕೆ ಎಷ್ಟು ರಾತ್ರಿ ಬೇಕು? ನಾಳೆ ಬೆಳಿಗ್ಗೆ ಕಾಲೇಜಿನ ಬಸ್ ಹಿಡಿಯಬೇಕು. ಹೊಲಕ್ಕೆ ನೀರು ಬಿಡಬೇಕು. ಎದುರು ತಂಡದವನು ನಿಜವಾದ ರೊಕ್ಕ ಕೊಟ್ಟು ಪಾಯಿಂಟ್ ಕೊಂಡು, ಅದರಿಂದ ಪ್ಯಾಕು ಒಡೆದು, ಎಂಬಪೆಯಂಥ ದೊಡ್ಡ ಆಟಗಾರನನ್ನು ಇಳಿಸಿರುತ್ತಾನೆ. ನಿನ್ನ ಕಡೆ ಓಡಲು ಬಾರದ ಡಿಫೆಂಡರ್. ನಾಲ್ಕು ಗೋಲು ತಿಂದು ಸೋತಾಗ ಕೈ ಎಲ್ಲಿಗೆ ಹೋಗುತ್ತದೆ? ಪಾಯಿಂಟ್ ಕೊಳ್ಳುವ ಬಟನ್‌ಗೆ!

ಐನೂರು ಹೋಯಿತು. ಏನೂ ಬರಲಿಲ್ಲ. ಇನ್ನೊಂದು ಐನೂರು. ಪರದೆ ತುಂಬ ಬೆಳಕು, ಪಟಾಕಿ, ಎದೆ ಡಬಡಬ. ಬಂದದ್ದು ಮತ್ತೆ ಅದೇ ಬೇಡಾದ ಕಾರ್ಡು! ಅಪ್ಪನ ಮೊಬೈಲಿಗೆ ಓಟಿಪಿ ಬಂದಾಗ ಅಪ್ಪ ಹೊಲದಲ್ಲಿದ್ದಾನೆ, ಮೊಬೈಲ್ ಮನೆಯಲ್ಲಿದೆ. ಬ್ಯಾಂಕಿನ ಮೆಸೇಜು ಇಂಗ್ಲಿಷಿನಲ್ಲಿದೆ. ಅವ್ವನಿಗೆ ಓದಲು ಬರುವುದಿಲ್ಲ. ಗೊತ್ತಾಗುವುದು ಯಾವಾಗ? ಕಡಲೆ ಬೀಜ ತರಲು ಹೋದಾಗ!

ಆ ದಿನ ಆ ಮನೆಯಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಅಪ್ಪ ಬೈಯುತ್ತಾನೆ. ಹುಡುಗ ಉಣ್ಣದೆ ಮಲಗುತ್ತಾನೆ. ಅವ್ವ ಇಬ್ಬರ ನಡುವೆ ಕುಂತು ಅಳುತ್ತಾಳೆ. ಹುಡುಗ ಕೆಟ್ಟವನಲ್ಲ! ಅವನ ಆಸೆಯನ್ನು ಅಳೆದು ಬಲೆ ಹೆಣೆದವರು ಬೇರೆ ಇದ್ದಾರೆ.

ನಮ್ಮ ಹಿರಿಯರಿಗೆ ಓಸಿ ಗೊತ್ತು. ಚೀಟಿ ಬರೆಸಿ, ನಂಬರ್ ಬರುತ್ತದೆ ಅಂತ ಕಾದು, ಹೊಲ ಮಾರಿದವರನ್ನು ನೋಡಿದವರು ಅವರು. ಅಜ್ಜಂದಿರೇ, ನಿಮ್ಮ ಮೊಮ್ಮಗ ಟಿವಿ ಮುಂದೆ ಕುಂತು ಪ್ಯಾಕು ಒಡೆಯುವಾಗ ಅವನ ಮುಖ ನೋಡ್ರಿ. ಓಸಿ ನಂಬರ್ ಕಾಯುವವನ ಮುಖವೇ ಅದು! ಓಸಿಯಲ್ಲಿ ಗೆದ್ದರೆ ರೊಕ್ಕವಾದರೂ ಕೈಗೆ ಬರುತ್ತಿತ್ತು. ಇಲ್ಲಿ ಗೆದ್ದರೂ ಬರುವುದು ಪರದೆಯ ಮೇಲಿನ ಚಿತ್ರ!

ಪ್ಯಾಕಿನಲ್ಲಿ ದೊಡ್ಡ ಆಟಗಾರ ಸಿಗುವ ಸಾಧ್ಯತೆ ಎಷ್ಟು ಅಂತ ಕಂಪನಿಯೇ ಫಿಫಾ 19ರಿಂದ ತೋರಿಸುತ್ತಿದೆ. ತೆರೆದು ನೋಡ್ರಿ. ಒಳ್ಳೊಳ್ಳೆ ಕಾರ್ಡಿನ ಮುಂದೆ ಬರೆದದ್ದು ಶೇಕಡಾ 1ಕ್ಕಿಂತ ಕಡಿಮೆ! ನೂರು ಪ್ಯಾಕು ಒಡೆದರೂ ಒಂದು ಖಾತ್ರಿ ಇಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಮುಂದೆ ಐತಿ. ಮುಂದಿನ ಸೆಪ್ಟೆಂಬರಿಗೆ ಹೊಸ ಗೇಮು. ನೀನು ಕೂಡಿಸಿದ ಆಟಗಾರರು ಅದಕ್ಕೆ ಬರುವುದಿಲ್ಲ! ಒಬ್ಬನೂ ಬರುವುದಿಲ್ಲ! ವರ್ಷವಿಡೀ ರೊಕ್ಕ ಹಾಕಿ ಕಟ್ಟಿದ ತಂಡ ಹಳೇ ಡಿಸ್ಕಿನಲ್ಲೇ ಉಳಿಯಿತು. ಮತ್ತೆ ಸೊನ್ನೆಯಿಂದ ಶುರು. ಎತ್ತು ಕೊಂಡರೆ ಹತ್ತು ವರ್ಷ ದುಡಿಯುತ್ತದೆ. ಈ ಎತ್ತು ವರ್ಷಕ್ಕೊಮ್ಮೆ ಮಾಯ!

ಹೊಸ ಗೇಮಿನಲ್ಲಿ ಹೊಸದೇನು? ಅಂಗಿಯ ಬಣ್ಣ ಬದಲು, ಆಟಗಾರರು ಅದಲು ಬದಲು, ನಾಲ್ಕು ಹೊಸ ಚಲನೆ. ಒಬ್ಬನೇ ಕುಂತು ಸಣ್ಣ ಕ್ಲಬ್ಬನ್ನು ದೊಡ್ಡದು ಮಾಡುವ ಕೆರಿಯರ್ ಮೋಡ್ ನಮಗೆಲ್ಲ ಪ್ರೀತಿ. ಅದಕ್ಕೆ ಹೆಚ್ಚು ಗಮನ ಕೊಡ್ರಿ ಅಂತ ಲೋಕದ ಹುಡುಗರೆಲ್ಲ ವರ್ಷಗಳಿಂದ ಕೇಳುತ್ತಿದ್ದಾರೆ. ಆದರೆ ಕಂಪನಿಯ ಹೆಚ್ಚಿನ ಬುದ್ಧಿ ಖರ್ಚಾಗುವುದು ಪ್ಯಾಕಿನ ಕಡೆಗೇ. ಯಾಕೆ? 2021ರ ಮಾರ್ಚಿಗೆ ಮುಗಿದ ಒಂದೇ ವರ್ಷದಲ್ಲಿ, ತನ್ನ ಎಲ್ಲ ಕ್ರೀಡಾ ಗೇಮುಗಳ ಅಲ್ಟಿಮೇಟ್ ಟೀಮ್‌ನಿಂದ ಇಎ ಕಂಪನಿಗೆ ಬಂದದ್ದು 162 ಕೋಟಿ ಡಾಲರ್! ಅಂದಿನ ಲೆಕ್ಕಕ್ಕೆ ಸುಮಾರು 12,000 ಕೋಟಿ ರೂಪಾಯಿ! ಅದರಲ್ಲಿ ದೊಡ್ಡ ಪಾಲು ಫುಟ್‌ಬಾಲಿನದೇ.

ಆನ್‌ಲೈನ್ ಆಟದ ಕಷ್ಟ ಹಳ್ಳಿಯವರಿಗೇ ಹೆಚ್ಚು. ಪಿಎಸ್‌ನಲ್ಲಿ ಆನ್‌ಲೈನ್ ಆಡಲು ಪ್ಲೇಸ್ಟೇಷನ್ ಪ್ಲಸ್ ಚಂದಾ ಬೇರೆ ಕಟ್ಟಬೇಕು. ಎಂಬತ್ತನೇ ನಿಮಿಷಕ್ಕೆ ಕರೆಂಟ್ ಹೋದರೆ? ಗೆಲ್ಲುತ್ತಿದ್ದವನೂ ಸೋತಂತೆ! ನೆಟ್ ನಿಧಾನವಾದರೆ ಇಲ್ಲಿ ಬಟನ್ ಒತ್ತಿದ ಮೇಲೆ ಅಲ್ಲಿ ಆಟಗಾರ ಯೋಚನೆ ಮಾಡಿ ಒದೆಯುತ್ತಾನೆ. ಸೋಲು ನಮ್ಮದಲ್ಲ, ತಂತಿಯದು. ಸಿಟ್ಟು ಮಾತ್ರ ನಮ್ಮದು. ಆ ಸಿಟ್ಟಿನಲ್ಲೇ ಮತ್ತೊಂದು ಪ್ಯಾಕು!

ಈ ರೊಕ್ಕದ ಪ್ಯಾಕಿನ ವಿಷಯದಲ್ಲಿ ಬೇರೆ ದೇಶ ಸುಮ್ಮನೆ ಕುಂತಿಲ್ಲ. ಬೆಲ್ಜಿಯಮ್ ಸಣ್ಣ ದೇಶ. 2018ರಲ್ಲಿ ಅಲ್ಲಿನ ಜೂಜು ಆಯೋಗ ಇದು ಜೂಜೇ ಅಂತ ಹೇಳಿತು. 2019ರ ಜನವರಿ ಮುಗಿಯುವ ಹೊತ್ತಿಗೆ ಕಂಪನಿ ಆ ದೇಶದಲ್ಲಿ ಪಾಯಿಂಟ್ ಮಾರುವುದನ್ನು ನಿಲ್ಲಿಸಿತು. ಗೇಮು ನಿಂತಿತೇ? ಇಲ್ಲ! ಅಲ್ಲಿನ ಹುಡುಗರು ಇವತ್ತಿಗೂ ಆಡುತ್ತಾರೆ. ರೊಕ್ಕದ ಪ್ಯಾಕಿಲ್ಲದೆ ಆಡುತ್ತಾರೆ!

ನಮ್ಮ ದೇಶದಲ್ಲಿ 2025ರ ಆಗಸ್ಟಿನಲ್ಲಿ ಸಂಸತ್ತು ರೊಕ್ಕ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಅಣ್ಣಂದಿರು ಆಡುತ್ತಿದ್ದ ರಮ್ಮಿಗೆ ಬೀಗ ಬಿತ್ತು. ತಮ್ಮಂದಿರ ಪ್ಯಾಕು? ಅದರ ಬಗ್ಗೆ ಯಾರು ಕೇಳಬೇಕು? ನಾವೇ ಕೇಳಬೇಕು! ಬೆಲ್ಜಿಯಮ್ ಹುಡುಗರಿಗೆ ಸಿಕ್ಕ ರಕ್ಷಣೆ ಶಲವಡಿಯ ಹುಡುಗರಿಗೆ ಯಾಕಿಲ್ಲ?

ಕಾಯ್ದೆ ಬರುವ ತನಕ ಕೈಕಟ್ಟಿ ಕುಂತರೆ ಹಂಗಾಮು ಹೋಗುತ್ತದೆ. ಇವತ್ತೇ ಮಾಡ್ರಿ!

ಅಪ್ಪಂದಿರೇ, ಕನ್ಸೋಲಿನಲ್ಲಿ ನಿಮ್ಮ ಬ್ಯಾಂಕ್ ಕಾರ್ಡಿನ ನಂಬರ್ ಉಳಿದಿದ್ದರೆ ಮಗನನ್ನೇ ಪಕ್ಕಕ್ಕೆ ಕೂಡಿಸಿಕೊಂಡು ತೆಗೆಸ್ರಿ. ಬೈದು ಅಲ್ಲ, ಕೂಡಿಸಿಕೊಂಡು! ಸಣ್ಣ ಮಕ್ಕಳ ಖಾತೆಗೆ ತಿಂಗಳ ಖರ್ಚಿನ ಮಿತಿ ಹಾಕಲು ಅದರಲ್ಲೇ ದಾರಿ ಐತಿ. ಅದನ್ನು ಸೊನ್ನೆ ಮಾಡ್ರಿ. ಓಟಿಪಿ ಬಂದರೆ ಯಾತಕ್ಕೆ ಬಂತು ಅಂತ ಕೇಳ್ರಿ. ಓದಲು ಬಾರದಿದ್ದರೆ ನಮ್ಮ ಹತ್ತಿರ ಬರ್ರಿ, ನಾವು ಓದಿ ಹೇಳುತ್ತೀವಿ.

ತಮ್ಮಂದಿರೇ, ಸೆಪ್ಟೆಂಬರಿನಲ್ಲಿ ಯಾರೂ ಕೊಳ್ಳಬ್ಯಾಡ್ರಿ! ಕಡಲೆ ಕೊಯ್ಯುವ ತನಕ ತಾಳ್ರಿ. ಅಷ್ಟೊತ್ತಿಗೆ ಅದೇ ಡಿಸ್ಕಿನ ಬೆಲೆ ಇಳಿದಿರುತ್ತದೆ. ಕೊಂಡರೂ ಡಿಸ್ಕೇ ಕೊಳ್ರಿ, ಡೌನ್‌ಲೋಡ್ ಬೇಡ. ಡಿಸ್ಕು ಓಣಿಯಿಂದ ಓಣಿಗೆ ಹೋಗುತ್ತದೆ, ಬೇಡಾದರೆ ಮಾರಲೂ ಬರುತ್ತದೆ. ಡೌನ್‌ಲೋಡ್ ಮಾಡಿದ್ದನ್ನು ಗೆಳೆಯನ ಕೈಗೆ ಕೊಡಲು ಬರುತ್ತದೇನು? ಹತ್ತು ಮನೆಗೆ ಒಂದು ಡಿಸ್ಕು ಸಾಕು! ಇಬ್ಬರು ಎದುರೆದುರು ಆಡುವ ಕಿಕ್ ಆಫ್‌ಗೆ ಚಂದಾ ಬೇಡ, ಪ್ಯಾಕು ಬೇಡ. ಎಲ್ಲ ದೊಡ್ಡ ಆಟಗಾರರೂ ಅಲ್ಲಿ ಪುಕ್ಕಟೆ ಅದಾರ!

ಅಲ್ಟಿಮೇಟ್ ಟೀಮ್‌ಗೆ ರೊಕ್ಕ ಹಾಕುತ್ತಿರುವ ಗೆಳೆಯ ಇದ್ದರೆ ಅವನನ್ನು ಆಡಿಕೊಳ್ಳಬ್ಯಾಡ್ರಿ. ಕೈ ಹಿಡಿದು ಕರಕೊಂಡು ಬರ್ರಿ. ನಾಚಿಕೆಯಿಂದ ಮುಚ್ಚಿಟ್ಟವನೇ ಹೆಚ್ಚು ಮುಳುಗುತ್ತಾನೆ.

ಬರುವ ಅಮಾಸಿ ದಿನ ಹೊಲಕ್ಕೆ ರಜೆ. ಅವತ್ತು ಸಂಜೆ ಐದಕ್ಕೆ ಅಗಸಿ ಮುಂದೆ ಎಲ್ಲರೂ ಸೇರ್ರಿ! ಹುಡುಗರೂ ಬರ್ರಿ, ಹುಡುಗಿಯರೂ ಬರ್ರಿ, ಅವ್ವ-ಅಪ್ಪಂದಿರೂ ಬರ್ರಿ. ರೊಕ್ಕದ ಪ್ಯಾಕು ನಮ್ಮ ಮಕ್ಕಳಿಗೆ ಮಾರುವುದು ನಿಲ್ಲಲಿ ಅಂತ ಶಾಸಕರಿಗೂ ಸಂಸದರಿಗೂ ಮನವಿ ಬರೆದಿದ್ದೀವಿ. ಸಹಿ ಹಾಕ್ರಿ, ಸಹಿ ಬಾರದವರು ಹೆಬ್ಬೆಟ್ಟು ಒತ್ರಿ. ಆಮೇಲೆ ಟಿವಿ ಹಚ್ಚುತ್ತೀವಿ, ರಾತ್ರಿ ಹತ್ತರ ತನಕ ಕಿಕ್ ಆಫ್. ಕಂಟ್ರೋಲರ್ ಎರಡು ನಮ್ಮ ಹತ್ತಿರ ಅವೆ. ಮನೆಯಲ್ಲಿ ಹಳೇ ಡಿಸ್ಕಿದ್ದವರು ತರ್ರಿ. ಫಿಫಾ 19 ಆದರೂ ನಡೆಯುತ್ತದೆ!